ಗಾಜಿನ ಮೇಲಿನ ಗುಲಾಬಿ ಚುಕ್ಕೆ

"ಇನ್ನೂ ಸ್ವಲ್ಪ ದೊಡ್ಡದು ಮಾಡು," ಎಂದೆ.

ಯೂರಿಮ್ ಫೋನಿನ ಮೇಲೆ ಎರಡು ಬೆರಳಿಟ್ಟು ಅಗಲಿಸಿದಳು.

"ಇದಕ್ಕಿಂತ ದೊಡ್ಡದಾಗಲ್ಲ ಚಿಕ್ಕಮ್ಮ. ಆಗ್ಲೇ ಅಕ್ಷರ ಎಲ್ಲಾ ಒಡೆದು ಹೋಗಿದೆ."

"ಅಕ್ಷರ ನನಗೆ ಬೇಡ. ಗಾಜು ತೋರ್ಸು."

"ಗಾಜಾ? ಗಾಜಲ್ಲಿ ಏನಿದೆ?"

"ದಿನಾ ಒರೆಸೋಳು ನಾನು. ಏನಿದೆ ಅಂತ ನಾನು ನೋಡ್ತೀನಿ, ನೀನು ಊಟ ಮಾಡು."

ನಾವು ಕೂತಿದ್ದದ್ದು ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗೆ ಕಸ ಗುಡಿಸುವವಳಿಗೆಂದು ಬಿಟ್ಟ ನನ್ನ ಕೋಣೆಯಲ್ಲಿ. ಇಬ್ಬರೂ ಕಾಲು ಮಡಚಿಕೊಂಡರೆ ಇಬ್ಬರಿಗೆ ಜಾಗವಾಗುತ್ತದೆ. ಸಂಬಂಧವಿಲ್ಲದಿದ್ದರೂ ಆಫೀಸಿನ ಹುಡುಗಿಯರು ನನ್ನನ್ನು ಚಿಕ್ಕಮ್ಮ ಎನ್ನುತ್ತಾರೆ. ಶುಕ್ರವಾರ, ಮಧ್ಯಾಹ್ನ ಒಂದೂಕಾಲು. ನಡುವೆ ಅವಳ ಅನ್ನದ ಸುರುಳಿ ಕಿಂಬಾಪ್, ನನ್ನ ಮೂಲಂಗಿ ಉಪ್ಪಿನಕಾಯಿ ಕಿಮ್ಚಿ, ಬಾರ್ಲಿ ಚಹಾ.

ಅವಳು ಕಿಂಬಾಪ್ ಮುಟ್ಟಿರಲಿಲ್ಲ. ಮಂಗಳವಾರ ಆರನೇ ಮಹಡಿಯ ಮೀಟಿಂಗ್ ಕೋಣೆಯ ಬಿಳಿ ಬೋರ್ಡಿನ ಫೋಟೋ ಹೊರಗೆ ಬಿದ್ದಿತ್ತು; ಅದು ಅವಳದೇ ಕೆಲಸ ಎಂದು ಕಂಪನಿ ತೀರ್ಮಾನಿಸಿತ್ತು; ಈ ದಿನ ಸಂಜೆ ಆರರೊಳಗೆ "ನನ್ನ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ" ಎಂಬ ಕಾಗದಕ್ಕೆ ಅವಳು ಸಹಿ ಹಾಕಬೇಕಿತ್ತು.

ಸುದ್ದಿ ಬರೆಯುವವರ ಲೋಕ ಸಣ್ಣದು. ಒಳಗಿನ ಮಾತು ಹೊರಗೆ ಹಾಕಿದವಳು ಎಂಬ ಹೆಸರು ಒಮ್ಮೆ ಅಂಟಿದರೆ ಸಿಯೋಲ್ ನಗರದಲ್ಲಿ ಇನ್ನೊಂದು ಕಂಪನಿ ಅವಳಿಗೆ ಬಾಗಿಲು ತೆಗೆಯುವುದಿಲ್ಲ. ಅವಳಿಗೆ ಇಪ್ಪತ್ತಾರು ವರ್ಷ.

"ನಾನೂ ಗೋಡೆ ಮೇಲೆ ಬರ್ದಿದ್ದೆ ಚಿಕ್ಕಮ್ಮ, ಸುಳ್ಳು ಯಾಕೆ ಹೇಳ್ಲಿ," ಎಂದಳು. "ಆದ್ರೆ ಅದು ಜೂನಲ್ಲಿ. ಮೂರು ನಕ್ಷತ್ರ ಕೊಟ್ಟಿದ್ದೆ."

"ಏನಂತ?"

"ಕುರ್ಚಿ ಒಳ್ಳೇದು, ಅದರಿಂದ ಏಳೋಕೆ ಬಿಡಲ್ಲ ಅಂತ."

ಅವರು ಗೋಡೆ ಎನ್ನುವುದು ನಿಜವಾದ ಗೋಡೆಯಲ್ಲ. ಕೆಲಸಗಾರರು ತಮ್ಮ ಹೆಸರು ಹೇಳದೆ ತಮ್ಮ ಕಂಪನಿಯ ಬಗ್ಗೆ ಬರೆದು ಐದರಲ್ಲಿ ಇಷ್ಟು ನಕ್ಷತ್ರ ಎಂದು ಹಾಕುವ ಜಾಗ, ಫೋನಿನಲ್ಲಿದೆ. ನಮ್ಮ ಈ ನಾರುಮೋಕ್ ಮೀಡಿಯಾದ ಬಗ್ಗೆ ಅಲ್ಲಿ ಮಂಗಳವಾರದವರೆಗೆ ನಲವತ್ತು ಬರಹಗಳಿದ್ದವು. ಯೂರಿಮ್ ಒಂದೊಂದಾಗಿ ಓದಿ ಹೇಳಿದ್ದಳು. ಜೊತೆಯವರು ಬಂಗಾರ, ಅದಕ್ಕೇ ಬಿಟ್ಟು ಹೋಗೋಕೆ ಆಗ್ತಿಲ್ಲ, ನಾಲ್ಕು ನಕ್ಷತ್ರ. ಬರೆಯೋಕೆ ಅಂತ ಬಂದೆ, ಒಂದೇ ಸುದ್ದಿಗೆ ಹನ್ನೊಂದು ತಲೆಬರಹ ಹಾಕೋದೇ ಕೆಲಸವಾಯ್ತು, ಎರಡು ನಕ್ಷತ್ರ. ಕಾಫಿ ಪುಕ್ಕಟೆ, ಹೊಟ್ಟೆನೋವೂ ಪುಕ್ಕಟೆ, ಎರಡೂವರೆ.

ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ದಿನಾ ಅವರ ಬುಟ್ಟಿ ಖಾಲಿ ಮಾಡುವವಳಿಗೆ ಅವರ ಮನಸ್ಸು ತಿಳಿಯುತ್ತದೆ. ಯಾರ ಬುಟ್ಟಿಯಲ್ಲಿ ತಲೆನೋವಿನ ಮಾತ್ರೆಯ ಹಾಳೆ, ಯಾರ ಬುಟ್ಟಿಯಲ್ಲಿ ಅರ್ಧ ತಿಂದ ಊಟ, ಯಾರು ಬೇರೆ ಕಂಪನಿಗೆ ಅರ್ಜಿ ಬರೆದು ಹರಿದು ಹಾಕಿದ್ದಾರೆ, ಎಲ್ಲವೂ.

ಮಂಗಳವಾರ ಸಂಜೆ ಬಂದ ನಲವತ್ತೊಂದನೆಯದಕ್ಕೆ ಒಂದೇ ನಕ್ಷತ್ರ. "ಇಲ್ಲಿ ನಮ್ಮ ಸುದ್ದಿಯನ್ನು ಎಷ್ಟು ಜನ ಒತ್ತಿ ತೆರೆದರು ಎಂದು ಎಣಿಸುತ್ತಾರೆ. ನಾವು ಬರೆದದ್ದನ್ನು ಯಾರೂ ಓದುವುದಿಲ್ಲ." ಅಷ್ಟೇ ಮಾತು. ಕೆಳಗೆ ಫೋಟೋ. ಬೋರ್ಡಿನ ಮೇಲೆ ಬರೆಯುವವರ, ವಿಡಿಯೋ ಕತ್ತರಿಸುವವರ ಹೆಸರು, ಪಕ್ಕದಲ್ಲಿ ಎಷ್ಟು ಜನ ಒತ್ತಿದರು ಎಂಬ ಅಂಕಿ. ಕೊನೆಯ ಆರು ಹೆಸರುಗಳಿಗೆ ಮೇಲ್ಗಡೆ ಒಂದು ಕೆಂಪು ಗೆರೆ, ಪಕ್ಕದಲ್ಲಿ "ತಿಂಗಳ ಕೊನೆಗೆ" ಎಂಬ ಮಾತು. ಅಂದರೆ ಆ ಆರು ಜನರನ್ನು ತಿಂಗಳ ಕೊನೆಗೆ ಕೆಲಸದಿಂದ ತೆಗೆಯುವುದು. ಆ ಆರರಲ್ಲಿ ನಾಲ್ಕನೆಯದು ಯೂರಿಮ್ ಹೆಸರು.

ಮೇಲಿನವರ ಲೆಕ್ಕಾಚಾರ ಸರಳವಾಗಿತ್ತು. ಆ ಬೋರ್ಡು ಬರೆದದ್ದು ಮಂಗಳವಾರ ಬೆಳಗಿನ ಮೀಟಿಂಗಿನಲ್ಲಿ. ಹನ್ನೆರಡಕ್ಕೆ ಎಲ್ಲರೂ ಊಟಕ್ಕೆ ಎದ್ದರು, ಬೋರ್ಡು ಒರೆಸುವುದು ಮರೆತರು. ಒಂದೂವರೆಗೆ ನೆನಪಾಗಿ ಒರೆಸಿದರು. ಹನ್ನೆರಡರಿಂದ ಒಂದರವರೆಗೆ ಆ ಮಹಡಿಯಲ್ಲಿ ಇದ್ದವಳು ಯೂರಿಮ್ ಒಬ್ಬಳೇ. ಊರೆಲ್ಲ ಊಟ ಮಾಡುತ್ತ ಫೋನ್ ನೋಡುವ ಹೊತ್ತು ಅದು, ಆಗಲೇ ಇವರಿಗೆ ಸಂತೆ. ಎಲ್ಲರಿಗಿಂತ ಕಿರಿಯಳು ಕೂತು ಸುದ್ದಿ ಹಾಕುತ್ತಿರಬೇಕು, ಉಳಿದವರು ಬಂದ ಮೇಲೆ ತಿನ್ನಬೇಕು. ಒಂದು ವರ್ಷದಿಂದ ಅವಳು ನನ್ನ ಜೊತೆ ಊಟ ಮಾಡುವುದು ಅದಕ್ಕೇ.

ಒಂದರ ಮೇಲೆ ಯಾರಾದರೂ ತೆಗೆದಿರಬಹುದಲ್ಲ ಎಂದರೆ, ಮೂವತ್ತು ಜನ ಇರುವ ಮಹಡಿ, ನಟ್ಟನಡುವೆ ಗಾಜಿನ ಕೋಣೆ, ಯಾರ ಕಣ್ಣಿಗೂ ಬೀಳದೆ ಹೇಗೆ ತೆಗೆದಾರು ಎಂದು ಅವರ ವಾದ.

ನಾನು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡೆ.

ಫೋಟೋವನ್ನು ಕೋಣೆಯ ಹೊರಗಿನಿಂದ, ಗಾಜಿನ ಮೂಲಕ ತೆಗೆದಿದ್ದರು. ಬೋರ್ಡಿನ ಎಡಮೂಲೆಗೆ ಸರಿಯಾಗಿ ಗಾಜಿನ ಮೇಲೆ ಮೂರು ಚುಕ್ಕೆಗಳಿದ್ದವು. ಎಳ್ಳಿನಷ್ಟು ಎರಡು, ಅಕ್ಕಿಕಾಳಿನಷ್ಟು ಒಂದು. ಅಕ್ಕಿಕಾಳಿನದು ಸ್ವಲ್ಪ ಕೆಳಗೆ ಜಾರಿತ್ತು.

"ಯೂರಿಮ್, ಮಂಗಳವಾರ ನೀನು ಇಲ್ಲಿಗೆ ಎಷ್ಟು ಹೊತ್ತಿಗೆ ಬಂದೆ?"

"ಎಂದಿನ ಹಾಗೆ, ಒಂದಕ್ಕೆ. ಅವರು ಲಿಫ್ಟಿಂದ ಇಳಿದ್ರು, ನಾನು ಮೆಟ್ಟಿಲಿಳಿದೆ. ಎರಡರವರೆಗೆ ಇಲ್ಲೇ ಇದ್ನಲ್ಲ. ನೀವು ನಿಮ್ಮ ಚಪ್ಪಲಿ ಕಾರ್ಖಾನೆ ಕತೆ ಹೇಳ್ತಿದ್ರಿ."

ಹೌದು. ಈ ಸೊಂಗ್ಸು ಬೀದಿಯಲ್ಲೆಲ್ಲ ಆಗ ಪಾದರಕ್ಷೆ ಹೊಲಿಯುವವರೇ ಇದ್ದರು. ಈಗಿನ ಆರನೇ ಮಹಡಿಯಲ್ಲೇ ನಾನು ಹದಿನಾಲ್ಕನೇ ವಯಸ್ಸಿಗೆ ಅಟ್ಟೆಗೆ ಅಂಟು ಹಚ್ಚಲು ಸೇರಿದ್ದು.

"ಅಂದ್ರೆ ಇದು ನಿನ್ನ ಕೆಲಸ ಅಲ್ಲ. ಈ ಫೋಟೋ ಒಂದು ಗಂಟೆ ಆದ್ಮೇಲೆ ತೆಗೆದದ್ದು," ಎಂದೆ. "ಇದು ಹಲ್ಲುಜ್ಜೋ ನೊರೆ."

ಅವಳು ಫೋನ್ ಹತ್ತಿರ ತಂದು ನೋಡಿದಳು.

"ಗಾಜನ್ನ ನಾನು ಹನ್ನೊಂದು ನಲವತ್ತಕ್ಕೆ ಒರೆಸಿದ್ದೆ. ಒಂದು ಚುಕ್ಕೆ ಇರ್ಲಿಲ್ಲ. ಊಟ ಮುಗಿಸ್ಕೊಂಡು ಬಂದು ನಿಮ್ಮವರು ಮಾಡೋ ಮೊದಲ್ನೇ ಕೆಲಸ ಏನು?"

"ಬ್ರಷ್."

"ಒಂದು ಕಡೆ ನಿಂತ್ಕೊಂಡು ಉಜ್ತಾರಾ? ಬಾಯಲ್ಲಿ ಬ್ರಷ್, ಇನ್ನೊಂದು ಕೈಲಿ ಫೋನ್, ಆಫೀಸೆಲ್ಲಾ ಸುತ್ತು. ದಿನಾ ಎರಡು ಗಂಟೆಗೆ ನಾನು ಒರೆಸೋದೇ ಆ ನೊರೆನ. ಮೂವತ್ತು ಜನ ಓಡಾಡ್ತಿರ್ತಾರೆ, ಒಬ್ಬರ ಮುಖ ಒಬ್ಬರು ನೋಡಲ್ಲ. ಕಣ್ಣಿಗೆ ಬೀಳದೆ ಫೋಟೋ ತೆಗೆಯೋಕೆ ದಿನದಲ್ಲಿ ಅದಕ್ಕಿಂತ ಒಳ್ಳೆ ಹೊತ್ತು ಯಾವುದಿದೆ?"

ಯೂರಿಮ್ ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಆಮೇಲೆ ಒಂದೇ ಸಲಕ್ಕೆ ಎರಡು ತುಂಡು ಕಿಂಬಾಪ್ ಬಾಯಿಗೆ ಹಾಕಿಕೊಂಡಳು.

"ನಿಧಾನ. ಗಂಟಲಿಗೆ ಸಿಕ್ಕೀತು."

ಅವಳು ಮೆಟ್ಟಿಲು ಹತ್ತಿ ಹೋದ ಮೇಲೆ ನಾನು ಊಟದ ಡಬ್ಬಿ ಮುಚ್ಚಿಟ್ಟೆ. ಅವಳಿಗೆ ಹೇಳದ ಒಂದು ಮಾತು ನನ್ನಲ್ಲಿ ಉಳಿದಿತ್ತು.

ಆ ಚುಕ್ಕೆಗಳು ಬಿಳಿ ಇರಲಿಲ್ಲ. ತಿಳಿಗುಲಾಬಿ.

ಎರಡು ವಾರದ ಹಿಂದೆ ಚುಸೋಕ್ ಸುಗ್ಗಿ ಹಬ್ಬಕ್ಕೆ ಕಂಪನಿ ಎಲ್ಲರಿಗೂ ಉಡುಗೊರೆಯ ಪೆಟ್ಟಿಗೆ ಕೊಟ್ಟಿತ್ತು. ಸಾಬೂನು, ಶಾಂಪೂ, ಆರು ಟ್ಯೂಬ್ ಪೇಸ್ಟ್. ಬಿಳಿ ಪೇಸ್ಟ್. ಹಬ್ಬದ ಮಾರನೇ ವಾರದಿಂದ, ಶೌಚಾಲಯದಲ್ಲಿ ಬ್ರಷ್ ಇಡುವ ಎಲ್ಲರ ಕಪ್ಪಿನಲ್ಲೂ ಅದೇ ಟ್ಯೂಬ್. ನಾನು ಗುತ್ತಿಗೆಯವಳು, ನನ್ನ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ.

ಆದರೂ ನನ್ನ ಕೋಣೆಯ ಮೂಲೆಯಲ್ಲಿ ಅಂಥದೊಂದು ಪೆಟ್ಟಿಗೆ ಇತ್ತು. ಸಿಬ್ಬಂದಿ ವಿಭಾಗದ ಮಿನ್ ಮೇಡಂ ತಾವೇ ಕೆಳಗಿಳಿದು ಬಂದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದರು. ತಮ್ಮ ಪಾಲಿನದು. ಹನ್ನೊಂದು ವರ್ಷದಲ್ಲಿ ಈ ಕಟ್ಟಡದಲ್ಲಿ ನನಗೆ ಹಬ್ಬದ ಉಡುಗೊರೆ ಕೊಟ್ಟವರು ಅವರೊಬ್ಬರೇ. ಹೀಗಾಗಿ ಅವರು ಮಾತ್ರ ತಮ್ಮ ಹಳೆಯ ಉಪ್ಪಿನ ಪೇಸ್ಟನ್ನೇ ಬಳಸುತ್ತಿದ್ದರು. ಅದರ ನೊರೆ ಗುಲಾಬಿ.

ಎರಡು ಗಂಟೆಗೆ ಆರನೇ ಮಹಡಿಗೆ ಹೋಗಿ ಮೂವತ್ತು ಕಪ್ಪುಗಳನ್ನೂ ನೋಡಿದೆ. ಗಂಡಸರ ಕಡೆ ಹದಿನಾರು, ಹೆಂಗಸರ ಕಡೆ ಹದಿನಾಲ್ಕು. ಇನ್ಯಾರದಾದರೂ ಇರಲಿ ಎಂದುಕೊಂಡೇ ನೋಡಿದೆ. ಗುಲಾಬಿ ಟ್ಯೂಬ್ ಇದ್ದದ್ದು ಒಂದೇ, ಮಿನ್ ಮೇಡಂನ ನೀಲಿ ಕಪ್ಪಿನಲ್ಲಿ.

ಹೊತ್ತಿನ ಮಾತು ಹೇಳುವುದು, ಬಣ್ಣದ ಮಾತು ಹೇಳಬಾರದು ಎಂದು ಮನಸ್ಸಿನಲ್ಲೇ ಕಟ್ಟಿಕೊಂಡೆ. ಈ ಹುಡುಗಿ ಉಳಿದರೆ ಸಾಕು. ಇನ್ನೊಬ್ಬರನ್ನು ಹಿಡಿದುಕೊಡುವುದು ನನ್ನ ಕೆಲಸವಲ್ಲ.

ಐದೂಕಾಲಿಗೆ ಆ ಗಾಜಿನ ಕೋಣೆಯ ಬಾಗಿಲು ತಟ್ಟಿದೆ.

ಮೇಜಿನ ಒಂದು ಕಡೆ ಯೂರಿಮ್, ಅವಳ ಮುಂದೆ ಕಾಗದ. ಎದುರಿಗೆ ಮಿನ್ ಮೇಡಂ, ಪಕ್ಕದಲ್ಲಿ ಸುದ್ದಿ ವಿಭಾಗದ ಟೀಮ್ ಲೀಡರ್ ಗ್ವಾಕ್. ಬೋರ್ಡಿನ ಮೇಲೆ ಆ ಪಟ್ಟಿ ಬರೆದದ್ದು ಅವರೇ. ನಲವತ್ತರ ಮನುಷ್ಯ, ಎತ್ತರದ ಆಳು. ಅವರ ಬುಟ್ಟಿಯಲ್ಲಿ ದಿನಕ್ಕೆ ನಾಲ್ಕು ಎದೆಯುರಿ ಔಷಧಿಯ ಪೊಟ್ಟಣ.

"ಏನಮ್ಮ, ಇಲ್ಲಿ ಕಸ ಇಲ್ಲ. ಆಮೇಲೆ ಬನ್ನಿ," ಎಂದರು ಗ್ವಾಕ್.

"ಕಸಕ್ಕೆ ಬಂದಿಲ್ಲ. ಒಂದು ಮಾತು ಹೇಳೋಕೆ ಬಂದೆ. ಆ ಫೋಟೋ ಈ ಹುಡುಗಿ ತೆಗೆದಿದ್ದಲ್ಲ."

"ಪತ್ತೇದಾರಿ ಕೆಲಸಾನೂ ಗುತ್ತಿಗೇಲಿ ಸೇರಿದ್ಯಾ?"

ಮಿನ್ ಮೇಡಂ ಕುರ್ಚಿ ಎಳೆದು ಕೊಟ್ಟರು. "ಕೂತ್ಕೊಳ್ಳಿ ಅಮ್ಮಾವ್ರೇ. ಹೇಳಿ."

ನಾನು ಕೂರಲಿಲ್ಲ. ನಿಂತೇ ಮಾತಾಡಿ ಅಭ್ಯಾಸ.

"ಟೀಮ್ ಲೀಡರ್ರೇ, ಮಂಗಳವಾರ ಹನ್ನೊಂದು ನಲವತ್ತಕ್ಕೆ ನೀವೆಲ್ಲ ಇಲ್ಲಿ ಒಳಗಿದ್ರಿ. ನಾನು ಹೊರಗಿಂದ ಈ ಗಾಜು ಒರೆಸ್ತಿದ್ದೆ. ನೀವು ಬಾಗ್ಲು ತೆಗೆದು ಒಂದು ಮಾತಂದ್ರಿ."

"ದಿನಕ್ಕೆ ಸಾವಿರ ಮಾತಾಡ್ತೀನಮ್ಮ."

"'ಕಿರ್ ಅನ್ನಿಸ್ಬೇಡಿ, ತಲೆ ಸಿಡೀತಿದೆ, ಬೇಗ ಮುಗಿಸಿ' ಅಂದ್ರಿ. ನಾನು ಒಣ ಬಟ್ಟೆ ಬಿಟ್ಟು ಒದ್ದೆ ಬಟ್ಟೆ ತಗೊಂಡೆ."

ಗ್ವಾಕ್ ಹಣೆ ಉಜ್ಜಿಕೊಂಡರು. "ಅಂದಿದ್ದೆ."

"ಅರ್ಧಕ್ಕೆ ಬಿಟ್ಟು ಹೋದ್ನಾ?"

"ಇಲ್ಲ. ಮುಗಿಸೇ ಹೋದ್ರಿ. ನೋಡಿದೀನಿ. ಅದಕ್ಕೇನೀಗ?"

ಯೂರಿಮ್ ಫೋನನ್ನು ಮೇಜಿನ ಮೇಲಿಟ್ಟಳು. ನಾನು ಬೆರಳಿಟ್ಟು ಚುಕ್ಕೆಗಳನ್ನು ತೋರಿಸಿದೆ. ಒರೆಸಿದ ಗಾಜು, ಊಟದ ನಂತರದ ಬ್ರಷ್ಷು, ಆಗ ಈ ಹುಡುಗಿ ನನ್ನ ಕೋಣೆಯಲ್ಲಿದ್ದದ್ದು, ಒಂದಾದ ಮೇಲೊಂದು ಹೇಳಿದೆ. ಬಣ್ಣದ ಬಗ್ಗೆ ಹೇಳಲಿಲ್ಲ.

ಗ್ವಾಕ್ ನಗಲಿಲ್ಲ, ಅದು ನನಗೆ ಧೈರ್ಯ ಕೊಟ್ಟಿತು.

ಮಿನ್ ಮೇಡಂ ಫೋನ್ ಎತ್ತಿಕೊಂಡು ಆ ಚುಕ್ಕೆಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಮೇಜಿನ ಮೇಲಿಟ್ಟರು.

"ನೀವು ಕೆಲಸ ಮುಗಿಸಿ ಸಹಿ ಹಾಕೋ ಹಾಳೆ ಇದ್ಯಲ್ಲ ಅಮ್ಮಾವ್ರೇ, ಅದರಲ್ಲಿ ಗಾಜಿಂದೂ ಇರತ್ತಾ?"

"ಇರತ್ತೆ. ಹೆಂಗಸರ ಶೌಚಾಲಯದ ಬಾಗಿಲ ಹಿಂದೆ ನೇತಾಕಿದೆ."

"ನಾನೇ ತರ್ತೀನಿ."

ಅವರು ಎದ್ದು ಹೋದರು. ಇಲ್ಲಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ. ದಿನಾ ನಡೆಯುವವಳು ನಾನು. ಹೋಗಿ ಬರಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತಾಯಿತು.

ಅಷ್ಟರಲ್ಲಿ ಗ್ವಾಕ್ ಫೋನ್ ತೆಗೆದುಕೊಂಡು ತಾವೂ ಅಗಲಿಸಿ ನೋಡಿದ್ದರು. ಫೋಟೋ ನೋಡುವುದು, ಬಣ್ಣ ತಿದ್ದುವುದು ಅವರ ದಿನದ ಕೆಲಸ. ಅದನ್ನು ನಾನು ಮರೆತಿದ್ದೆ.

"ಇದು ಬಿಳಿ ಅಲ್ಲ," ಎಂದರು. "ಗುಲಾಬಿ."

ಮಿನ್ ಮೇಡಂ ಹಾಳೆ ಹಿಡಿದು ಬಂದರು. "ಹನ್ನೊಂದು ನಲವತ್ತು. ಆರನೇ ಮಹಡಿ, ಗಾಜು. ಸಹಿ ಇದೆ." ಯೂರಿಮ್ ಮುಂದಿದ್ದ ಕಾಗದವನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿದರು.

ಯೂರಿಮ್ ಉಸಿರು ಬಿಟ್ಟದ್ದು ಕೇಳಿಸಿತು.

"ಒಂದ್ ನಿಮಿಷ," ಎಂದರು ಗ್ವಾಕ್. "ಹಬ್ಬಕ್ಕೆ ಎಲ್ರಿಗೂ ಒಂದೇ ಪೇಸ್ಟ್ ಕೊಟ್ಟಿದೀವಿ, ಬಿಳೀದು. ಈ ಗುಲಾಬಿ ಯಾರ್ದು? ಏನಮ್ಮ, ಕಪ್ ತೊಳೆಯೋರು ನೀವೇ ಅಲ್ವಾ?"

"ಮೂವತ್ತು ಕಪ್ಪು, ಟೀಮ್ ಲೀಡರ್ರೇ. ನನಗೆ ವಯಸ್ಸಾಯ್ತು."

"ಮಂಗಳವಾರ ನಾನಂದ ಮಾತು ಒಂದಕ್ಷರ ಬಿಡದೆ ನೆನಪಿದೆ. ಕಪ್ ನೆನಪಿಲ್ವಾ?"

ನನ್ನ ನೆನಪೇ ನನ್ನ ಕಾಲಿಗೆ ತೊಡರಿತ್ತು.

"ಎಲ್ಲಾ ತನ್ನಿ," ಎಂದರು. "ಗಂಡಸರ ಕಡೇದು ನಾನು ತರ್ತೀನಿ, ಹೆಂಗಸರ ಕಡೇದು ನೀವು. ಹೇಗಿವೆಯೋ ಹಾಗೇ ಈ ಮೇಜಿನ ಮೇಲಿಡೋಣ. ಮತ್ತೆ ಇನ್ನೊಂದು. ಆ ಪೇಸ್ಟ್ ಯೂರಿಮ್ ಕಪ್ಪಲ್ಲೇ ಸಿಕ್ರೆ, ನಿಮ್ಮ ಈ ಹಾಳೆಗೆ ಬೆಲೆ ಇಲ್ಲ. ಊಟಕ್ಕೆ ಮುಂಚೆ ಒಬ್ಬಳೇ ಇದ್ದಾಗ ಹಲ್ಲುಜ್ಬಾರ್ದು ಅಂತ ಏನೂ ಕಾನೂನಿಲ್ವಲ್ಲ."

"ನನ್ ಹತ್ರ ಇರೋದು ಕಂಪನಿ ಪೇಸ್ಟೇ ಸರ್," ಎಂದಳು ಯೂರಿಮ್. "ಬೇಕಾದ್ರೆ ನೋಡಿ."

"ನೋಡೋಣ ಅಂತಾನೇ ಹೇಳ್ತಿರೋದು."

ತಟ್ಟೆ ಹಿಡಿದು ಶೌಚಾಲಯಕ್ಕೆ ಹೋದೆ. ಗಡಿಯಾರ ಐದು ನಲವತ್ತೈದು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಹದಿನಾಲ್ಕು ಕಪ್ಪುಗಳು ನಾನಿಟ್ಟ ಸಾಲಿನಲ್ಲೇ ಇದ್ದವು.

ನೀಲಿ ಕಪ್ಪಿನಲ್ಲಿ ಕಂಪನಿಯ ಬಿಳಿ ಟ್ಯೂಬ್ ಇತ್ತು.

ಗುಲಾಬಿ ಟ್ಯೂಬ್ ಯೂರಿಮ್‌ನ ಹಳದಿ ಕಪ್ಪಿನಲ್ಲಿತ್ತು.

ನಾನು ತಟ್ಟೆಯನ್ನು ಕೆಳಗಿಟ್ಟೆ. ಆ ಟ್ಯೂಬನ್ನು ಎತ್ತಿ ಕೈಯಲ್ಲಿ ಹಿಡಿದೆ. ಮುಚ್ಚಳ ಒದ್ದೆಯಾಗಿತ್ತು. ಅವಸರದಲ್ಲಿ ಬದಲಿಸಿದವರು ಒರೆಸಿರಲಿಲ್ಲ.

ಹಿಂದೆ ಬಾಗಿಲು ತೆರೆದ ಸದ್ದಾಯಿತು. ಮಿನ್ ಮೇಡಂ ಬಂದು ನನ್ನ ಪಕ್ಕದ ನಲ್ಲಿ ತಿರುಗಿಸಿ ಕೈ ತೊಳೆಯಲು ಶುರುಮಾಡಿದರು. ಕೊಳೆಯೇನೂ ಇರಲಿಲ್ಲ.

"ಎರಡು ಗಂಟೆಗೆ ಇದು ನಿಮ್ಮ ಕಪ್ಪಲ್ಲಿತ್ತು ಮೇಡಂ," ಎಂದೆ.

"ಗೊತ್ತು. ನೀವು ನೋಡಿರ್ತೀರಿ ಅಂತಾನೂ ಗೊತ್ತು."

"ಯಾಕೆ ಹೀಗೆ ಮಾಡಿದ್ರಿ?"

ಅವರು ನೀರಿನ ಕಡೆಗೇ ನೋಡುತ್ತ ಮಾತಾಡಿದರು. ದನಿ ಎಂದಿನಂತೆ ಮೆತ್ತಗಿತ್ತು.

"ಫೋಟೋ ತೆಗೆದಿದ್ದು ಆ ಆರು ಜನಕ್ಕೋಸ್ಕರ. ಪಟ್ಟಿ ಹೊರಗೆ ಬಂದ್ರೆ ಮೇಲಿನವರು ಹಿಂದೆ ಸರೀತಾರೆ ಅಂದ್ಕೊಂಡೆ. ಸದ್ಯಕ್ಕೆ ಸರಿದ್ರು. ಪಟ್ಟಿ ಈಗ ನನ್ನ ಮೇಜಿನ ಮೇಲೇ ಇದೆ, ನಾನು ಸಹಿ ಹಾಕಿಲ್ಲ. ಆದ್ರೆ ತೆಗೆದೋರ ಹೆಸರು ಬೇಕು ಅಂತ ಪಟ್ಟು ಹಿಡಿದ್ರು. ಯೂರಿಮ್ ಹೆಸರು ನಾನು ಹೇಳಲಿಲ್ಲ. ಅವರೇ ಹೇಳಿದ್ರು. ಅವಳಲ್ಲ ಅಂತ ನಾನು ಹೇಳಲಿಲ್ಲ, ಅಷ್ಟೇ."

"ಅಷ್ಟೇನಾ."

"ಅಷ್ಟೇ ಅಲ್ಲ. ಒಪ್ಕೋತೀನಿ." ನಲ್ಲಿ ನಿಲ್ಲಿಸಿದರು. "ಇವತ್ತು ನಾನು ಹೋದ್ರೆ ಸೋಮವಾರ ನನ್ನ ಕುರ್ಚೀಲಿ ಬೇರೆಯವರು ಕೂತು ಸಹಿ ಹಾಕ್ತಾರೆ. ಆರೂ ಜನ ಹೋಗ್ತಾರೆ, ಅದರಲ್ಲಿ ಯೂರಿಮ್ಮೂ ಇರ್ತಾಳೆ. ಅವಳು ಹೇಗಿದ್ರೂ ಹೋಗೋಳೇ. ನಾನು ಉಳಿದ್ರೆ ಐದು ಜನ ಉಳೀತಾರೆ. ಅದರಲ್ಲಿ ಇಬ್ಬರಿಗೆ ಸಣ್ಣ ಮಕ್ಕಳಿದಾರೆ."

"ಆ ಐದು ಜನರನ್ನ ನೀವು ಕೇಳಿದ್ರಾ? ಹೀಗೆ ಉಳ್ಕೊಳ್ಳೋಕೆ ಒಪ್ತೀರಾ ಅಂತ?"

ಅವರು ಕಾಗದದ ಟವೆಲ್ಲಿನಿಂದ ಬೆರಳು ಒಂದೊಂದಾಗಿ ಒರೆಸಿಕೊಂಡರು.

"ಟ್ಯೂಬ್ ನಿಮ್ಮ ಕೈಲಿದೆ ಅಮ್ಮಾವ್ರೇ. ಯಾವ ಕಪ್ಪಲ್ಲಿಟ್ಟು ತಂದ್ರೂ ನಾನು ಬಾಯಿ ತೆಗೆಯಲ್ಲ. ನನ್ನ ಮೇಲೆ ಕೋಪ ಇದ್ರೆ ಅದೂ ಸರಿ."

ಕೋಪ ಇರಲಿಲ್ಲ. ನಿಜ ಹೇಳಬೇಕೆಂದರೆ, ಕೋಪ ಬಂದಿದ್ದರೆ ನನ್ನ ಕೈಗೆ ಸುಲಭವಾಗುತ್ತಿತ್ತು. ಕಾರ್ಖಾನೆಯ ದಿನಗಳಿಂದ ಇಲ್ಲಿಯವರೆಗೆ ಯಜಮಾನರ ಕಡೆಯವರು ಹಲವರನ್ನು ನೋಡಿದ್ದೇನೆ, ನನ್ನ ಎದುರು ತಲೆ ತಗ್ಗಿಸಿದವರು ಇವರೊಬ್ಬರೇ. ಹಾಗೆ ತಲೆ ತಗ್ಗಿಸಿಕೊಂಡೇ ಒಂದು ಹುಡುಗಿಯ ಬದುಕನ್ನು ಒಂದು ಕಪ್ಪಿನಿಂದ ಇನ್ನೊಂದಕ್ಕೆ ಎತ್ತಿಟ್ಟಿದ್ದರು.

"ಏನಮ್ಮ, ಎಷ್ಟು ಹೊತ್ತು?" ಹೊರಗಿನಿಂದ ಗ್ವಾಕ್ ದನಿ ಕೇಳಿತು. "ಇಲ್ಲಿ ಹದಿನಾರೂ ಬಂತು. ಎಲ್ಲಾ ಬಿಳೀದೇ."

ನಾನು ಟ್ಯೂಬನ್ನು ಹಿಡಿದು ಕಪ್ಪುಗಳ ಕಡೆ ತಿರುಗಿದೆ. 

ಆಗ ಕನ್ನಡಿಯಲ್ಲಿ, ಕೊನೆಯ ಶೌಚಾಲಯದ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಅಲ್ಲಿಂದ ಹೊರಬಂದ ಹುಡುಗಿಯನ್ನು ನಾನು ಬಲ್ಲೆ. ನಾಲ್ಕನೇ ಮೇಜಿನವಳು, ವಿಡಿಯೋ ಕತ್ತರಿಸುವವಳು, ಹೆಸರು ಚೋರೋಂಗ್. ಕೆಂಪು ಗೆರೆಯ ಕೆಳಗಿನ ಆರು ಹೆಸರುಗಳಲ್ಲಿ ಎರಡನೆಯದು ಅವಳದು. ಸಣ್ಣ ಮಗುವಿರುವ ಇಬ್ಬರಲ್ಲಿ ಒಬ್ಬಳು.

ಅವಳು ಮಿನ್ ಮೇಡಂ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಪಕ್ಕದ ನಲ್ಲಿಯಲ್ಲಿ ಕೈ ತೊಳೆದು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ನನ್ನ ಬೆರಳುಗಳ ನಡುವಿನಿಂದ ಆ ಟ್ಯೂಬನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಕೊಡಿ ಚಿಕ್ಕಮ್ಮ," ಎಂದಳು. "ಆ ಐದು ಜನರನ್ನ ಕೇಳಿದ್ರಾ ಅಂದ್ರಲ್ಲ, ಒಳಗೆ ಎಲ್ಲಾ ಕೇಳಿಸ್ತು. ನನ್ನ ಯಾರೂ ಕೇಳಿಲ್ಲ. ನಾನೇ ಹೇಳ್ತೀನಿ."

ಟ್ಯೂಬನ್ನು ಯಾವ ಕಪ್ಪಿಗೂ ಹಾಕದೆ, ಕೈಯಲ್ಲೇ ಹಿಡಿದುಕೊಂಡು ಅವಳು ಗಾಜಿನ ಕೋಣೆಯ ಕಡೆ ಹೊರಟಳು. ಯಾರ ಹೆಸರು ಹೇಳಲು ಹೊರಟಿದ್ದಾಳೆ, ಮಿನ್ ಮೇಡಂದೋ, ಯೂರಿಮ್‌ದೋ, ತನ್ನದೋ ಎಂದು ಅವಳ ಬೆನ್ನು ನೋಡಿ ತಿಳಿಯುವಂತಿರಲಿಲ್ಲ. ಆರು ಗಂಟೆಗೆ ಇನ್ನೂ ಒಂಬತ್ತು ನಿಮಿಷವಿತ್ತು.